ಸ್ಟೆಪ್ಪರ್ ಮೋಟಾರಿಗೆ ತಕ್ಕ ವೋಲ್ಟೇಜು: ಸಿಎನ್‌ಸಿ ಪರಿವರ್ತನೆಯಲ್ಲಿ ಡ್ರೈವ್ ಮತ್ತು ಪವರ್ ಸಪ್ಲೈಗಳ ಆಯ್ಕೆ

ಕೈಚಕ್ರದಿಂದ ನಡೆಯುತ್ತಿದ್ದ ಲೇತನ್ನೋ ಮಿಲ್ಲಿಂಗ್ ಯಂತ್ರವನ್ನೋ, ಅದರ ಬೆಡ್ಡು ಸವೆಯದೆ ಸ್ಲೈಡುಗಳು ಕೆಡದೆ ಉಳಿದಿರುವಾಗ ಗುಜರಿಗೆ ಹಾಕಲು ಮನಸ್ಸೊಪ್ಪದೆ, ಗಣಕಯಂತ್ರದ ಆಜ್ಞೆಯಂತೆ ನಡೆಯುವ ಸಿಎನ್‌ಸಿ ಯಂತ್ರವನ್ನಾಗಿ ಪರಿವರ್ತಿಸಬೇಕೆಂಬ ಅಭಿಲಾಷೆ ಸಣ್ಣ ವರ್ಕ್‌ಶಾಪುಗಳ ಯಜಮಾನರಲ್ಲಿ ಅನೇಕರಿಗೆ ಉಂಟು. 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ (ಎಚ್‌ಎಂಟಿ) ಕಾರ್ಖಾನೆಯು ಸ್ಥಾಪಿತವಾದ ಬೆಂಗಳೂರಿನಲ್ಲಿ, ಆ ಕಾರ್ಖಾನೆಯ ಯಂತ್ರಗಳು ಇಂದಿಗೂ ದುಡಿಯುತ್ತಿರುವ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ, ಇಂಥ ಅಭಿಲಾಷೆ ಹುಟ್ಟುವುದು ಸಹಜವೇ ಆಗಿದೆ. ಆದರೆ ಈ ಕಾರ್ಯಕ್ಕೆ ಕೈಹಾಕಿದವರು ಬಾಲ್‌ಸ್ಕ್ರೂಗಳ ವಿಚಾರದಲ್ಲಿಯೂ ಗಣಕದ ತಂತ್ರಾಂಶದ ವಿಚಾರದಲ್ಲಿಯೂ ತೋರುವ ವಿವೇಚನೆಯನ್ನು ಮೋಟಾರನ್ನು ನಡೆಸುವ ಡ್ರೈವ್ ಮತ್ತು ಅದಕ್ಕೆ ವಿದ್ಯುತ್ತನ್ನೊದಗಿಸುವ ಪವರ್ ಸಪ್ಲೈಗಳ ವಿಚಾರದಲ್ಲಿ ತೋರುವುದು ಅಪೂರ್ವ. ಮೊದಲು ಅಂಗಡಿಯಲ್ಲಿ ಸಿಕ್ಕ ಡ್ರೈವನ್ನು ಕೊಂಡು, ಬಳಿಕ ಅದಕ್ಕೆ ಹೊಂದುವ ಸಪ್ಲೈಯನ್ನು ತಂದು, ಕಡೆಯಲ್ಲಿ ಮೋಟಾರು ಏಕೆ ವೇಗವಾಗಿ ತಿರುಗಲೊಲ್ಲದೆಂದು ಚಿಂತಿಸುವುದು ಈಗಿನ ಸಾಮಾನ್ಯ ಪದ್ಧತಿ. ಈ ಕ್ರಮವು ತಿರುವುಮುರುವಾಗಿದೆಯೆಂಬುದೂ, ಮೋಟಾರಿನ ಸುರುಳಿಯ ಗುಣದಿಂದ ವೋಲ್ಟೇಜನ್ನು, ವೋಲ್ಟೇಜಿನಿಂದ ಡ್ರೈವನ್ನು, ಇವೆರಡರ ಜೊತೆಗೆ ನಮ್ಮ ಊರಿನ ಮೇನ್ಸ್ ವಿದ್ಯುತ್ತಿನ ನಡತೆಯಿಂದ ಸಪ್ಲೈಯನ್ನು ನಿರ್ಣಯಿಸತಕ್ಕದ್ದೆಂಬುದೂ ನನ್ನ ದೃಢವಾದ ಅಭಿಪ್ರಾಯ.

ಸ್ಟೆಪ್ಪರ್ ಮೋಟಾರು ಹವ್ಯಾಸಿಗಳ ಆಟಿಕೆಯೆಂದು ತಿಳಿಯುವವರೂ ಇದ್ದಾರೆ. 1970ರ ದಶಕದಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ಕಂಪನಿಯು ತನ್ನ ಪ್ರಖ್ಯಾತವಾದ ಮಿಲ್ಲಿಂಗ್ ಯಂತ್ರಗಳಿಗೆ ಸಂಖ್ಯಾನಿಯಂತ್ರಣವನ್ನು ಅಳವಡಿಸಿದಾಗ ಅಕ್ಷಗಳನ್ನು ನಡೆಸಲು ಆರಿಸಿಕೊಂಡದ್ದು ಈ ಮೋಟಾರುಗಳನ್ನೇ ಎಂಬುದನ್ನು ಅವರು ನೆನೆಯಬೇಕು. ಇಂದು ಪರಿವರ್ತನೆಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಹೈಬ್ರಿಡ್ ಜಾತಿಯ ಮೋಟಾರಿನಲ್ಲಿ ಐವತ್ತು ಹಲ್ಲುಗಳ ರೋಟರ್ ಇದ್ದು, ಒಂದೊಂದು ಹೆಜ್ಜೆಗೆ 1.8 ಡಿಗ್ರಿಯಂತೆ ಒಂದು ಸುತ್ತಿಗೆ ಇನ್ನೂರು ಹೆಜ್ಜೆಗಳಾಗುತ್ತವೆ. ಮುಖದ ಅಳತೆ 57 ಮಿಲಿಮೀಟರು ಇರುವುದಕ್ಕೆ ನೆಮಾ 23 ಎಂದೂ, 86 ಮಿಲಿಮೀಟರು ಇರುವುದಕ್ಕೆ ನೆಮಾ 34 ಎಂದೂ ವ್ಯವಹಾರ. ಆದರೆ ಈ ಸಂಖ್ಯೆಗಳು ಬೋಲ್ಟುಗಳನ್ನು ಎಲ್ಲಿ ಕೂರಿಸಬೇಕೆಂಬುದನ್ನು ತಿಳಿಸುತ್ತವೆಯೇ ಹೊರತು ಮೋಟಾರಿನ ಸಾಮರ್ಥ್ಯವನ್ನು ತಿಳಿಸುವುದಿಲ್ಲ. ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವ ಟಾರ್ಕ್ ಕೂಡ ಮೋಟಾರು ನಿಂತಿರುವಾಗ ಹಿಡಿದಿಡುವ ಬಲವೇ. ಅದು ತಿರುಗುವಾಗ ಆ ಬಲದಲ್ಲಿ ಎಷ್ಟು ಉಳಿಯುವುದೆಂಬುದನ್ನು ನಿರ್ಧರಿಸುವುದು ಸುರುಳಿಯ ಇಂಡಕ್ಟೆನ್ಸ್ ಮತ್ತು ಅದಕ್ಕೆ ನಾವು ಕೊಡುವ ವೋಲ್ಟೇಜು.

ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಮೇಜಿನ ಮೇಲೆ ಕೂರುವ ಸಣ್ಣ ಮಿಲ್ಲಿಂಗ್ ಯಂತ್ರಕ್ಕೆ ಹೊಂದುವ ನೆಮಾ 23 ಮೋಟಾರೊಂದರ ವಿವರಪತ್ರದಲ್ಲಿ 1.26 ನ್ಯೂಟನ್ ಮೀಟರ್ ಟಾರ್ಕ್, 2.8 ಆಂಪಿಯರ್, 0.9 ಓಮ್, 2.5 ಮಿಲಿಹೆನ್ರಿ ಎಂಬ ಅಂಕಿಗಳಿರುತ್ತವೆ. ಆಂಪಿಯರನ್ನೂ ಓಮನ್ನೂ ಗುಣಿಸಿದರೆ ಬರುವುದು ಸುಮಾರು 2.5 ವೋಲ್ಟು ಮಾತ್ರ. ಎರಡೂವರೆ ವೋಲ್ಟಿನ ಮೋಟಾರಿಗೆ 48 ವೋಲ್ಟನ್ನು ಕೊಟ್ಟರೆ ಸುಟ್ಟುಹೋಗದೇ ಎಂಬ ಸಂದೇಹ ಹೊಸಬರೆಲ್ಲರಿಗೂ ಬರುತ್ತದೆ, ಬರುವುದು ನ್ಯಾಯವೂ ಹೌದು. ಮೋಟಾರು ನಿಂತಿದ್ದಾಗ ಈ ಎರಡೂವರೆ ವೋಲ್ಟೇ ಸಾಕು. ಆದರೆ ಸುರುಳಿಯ ಇಂಡಕ್ಟೆನ್ಸ್ ಪ್ರವಾಹದ ಬದಲಾವಣೆಯನ್ನು ವಿರೋಧಿಸುವುದರಿಂದ, ಹೆಜ್ಜೆಗಳು ಬೇಗಬೇಗನೆ ಬೀಳತೊಡಗಿದೊಡನೆ, ಪ್ರವಾಹವು ತನ್ನ ಪೂರ್ಣ ಪ್ರಮಾಣವನ್ನು ಮುಟ್ಟುವ ಮೊದಲೇ ದಿಕ್ಕು ಬದಲಿಸಬೇಕಾದ ಗಳಿಗೆ ಬಂದುಬಿಡುತ್ತದೆ. 5 ಮಿಲಿಮೀಟರು ಪಿಚ್ಚಿನ ಬಾಲ್‌ಸ್ಕ್ರೂವಿನಿಂದ ಮೇಜನ್ನು ನಿಮಿಷಕ್ಕೆ ಮೂರು ಮೀಟರು ಓಡಿಸಬೇಕಾದರೆ ಮೋಟಾರು ನಿಮಿಷಕ್ಕೆ 600 ಸುತ್ತು ತಿರುಗಬೇಕು. ಎಂದರೆ ಸೆಕೆಂಡಿಗೆ ಎರಡು ಸಾವಿರ ಹೆಜ್ಜೆ, ಒಂದು ಹೆಜ್ಜೆಗೆ ಅರ್ಧ ಮಿಲಿಸೆಕೆಂಡು. 24 ವೋಲ್ಟಿನಲ್ಲಿ ಈ ಸುರುಳಿಯ ಪ್ರವಾಹವನ್ನು ಒಂದು ದಿಕ್ಕಿನ 2.8 ಆಂಪಿಯರಿನಿಂದ ಇನ್ನೊಂದು ದಿಕ್ಕಿನ 2.8 ಆಂಪಿಯರಿಗೆ ತಿರುಗಿಸಲು 0.58 ಮಿಲಿಸೆಕೆಂಡು ಬೇಕು. ಹೆಜ್ಜೆಗೆ ದೊರೆಯುವ ಕಾಲವೇ ಅಷ್ಟಿಲ್ಲ. 48 ವೋಲ್ಟಿನಲ್ಲಿ ಅದೇ ಕಾರ್ಯ 0.29 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ತಿರುಗುವ ರೋಟರ್ ತಾನೇ ಹುಟ್ಟಿಸುವ ಪ್ರತಿರೋಧಿ ವೋಲ್ಟೇಜನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ 24 ವೋಲ್ಟಿನ ಪಾಡು ಇನ್ನೂ ಶೋಚನೀಯವಾಗುವುದು. ಮಂದಗತಿಯಲ್ಲಿ ಎರಡು ಸಪ್ಲೈಗಳಿಗೂ ಭೇದವೇ ತೋರದೆ, ಮೇಜು ವೇಗವಾಗಿ ಓಡುವಾಗ ಮಾತ್ರ ಒಂದರಲ್ಲಿ ಮೋಟಾರು ಗುಯ್ಗುಟ್ಟಿ ನಿಂತು, ಇನ್ನೊಂದರಲ್ಲಿ ಸಲೀಸಾಗಿ ನಡೆಯುವುದರ ಮರ್ಮ ಇಷ್ಟೇ.

ಈ ಹೆಚ್ಚಿನ ವೋಲ್ಟೇಜು ಸುರುಳಿಯನ್ನು ಸುಡದಂತೆ ಕಾಯುವುದೇ ಡ್ರೈವಿನ ಕೆಲಸ. ಹಿಂದಿನ ಕಾಲದಲ್ಲಿ ಸುರುಳಿಯ ಮುಂದೆ ದೊಡ್ಡ ರೆಸಿಸ್ಟರುಗಳನ್ನು ಸೇರಿಸಿ, ಉಳಿದ ವೋಲ್ಟೇಜನ್ನೆಲ್ಲ ಶಾಖವಾಗಿ ಕಳೆದುಬಿಡುತ್ತಿದ್ದರು. ಇಂದಿನ ಚಾಪರ್ ಡ್ರೈವು ಪ್ರವಾಹವನ್ನು ಅನುಕ್ಷಣವೂ ಅಳೆಯುತ್ತ, ಅದು ನಿಗದಿಯಾದ ಮಟ್ಟವನ್ನು ಮುಟ್ಟಿದ ಕೂಡಲೇ ವೋಲ್ಟೇಜನ್ನು ಕತ್ತರಿಸಿ, ಇಳಿದ ಕೂಡಲೇ ಮತ್ತೆ ಕೊಟ್ಟು, ಸೆಕೆಂಡಿಗೆ ಸಾವಿರಾರು ಬಾರಿ ಹೀಗೆ ಮಾಡುತ್ತ ಸರಾಸರಿಯನ್ನು ಸ್ಥಿರವಾಗಿಡುತ್ತದೆ. ಇದರಿಂದ ಇನ್ನೊಂದು ಫಲವೂ ಉಂಟು. ಮೋಟಾರು ನಿಂತಿರುವಾಗ ಎರಡು ಸುರುಳಿಗಳಲ್ಲಿಯೂ ಪೂರ್ಣ ಪ್ರವಾಹ ಹರಿಯುತ್ತಿದ್ದರೂ ಅದು ವ್ಯಯಿಸುವುದು ಸುಮಾರು 14 ವ್ಯಾಟು. 48 ವೋಲ್ಟಿನ ಸಪ್ಲೈಯಿಂದ ಅದು ಸೆಳೆಯುವುದು ಆಂಪಿಯರಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚಲ್ಲ. ಮೂರು ಮೋಟಾರುಗಳ ಫಲಕದಲ್ಲಿನ ಆಂಪಿಯರುಗಳನ್ನೆಲ್ಲ ಕೂಡಿಸಿ, ಎರಡೆರಡು ಸುರುಳಿಗಳೆಂದು ಇಮ್ಮಡಿ ಮಾಡಿ, ಅಷ್ಟು ಆಂಪಿಯರಿನ ಭಾರಿ ಸಪ್ಲೈಯನ್ನು ಹುಡುಕಿಕೊಂಡು ಹೋಗುವವರು ಈ ಒಂದು ಸಂಗತಿಯನ್ನು ಅರಿತರೆ ಅವರ ಹಣ ಎಷ್ಟೋ ಉಳಿಯುತ್ತದೆ.

ಹಾಗಾದರೆ ವೋಲ್ಟೇಜು ಎಷ್ಟಿರತಕ್ಕದ್ದು? ಅಮೆರಿಕದಲ್ಲಿ ಗೆಕೋಡ್ರೈವ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಈ ವಿಷಯದಲ್ಲಿ ಹವ್ಯಾಸಿಗಳಿಗೆ ಗುರುಸದೃಶನಾದ ಮಾರಿಸ್ ಫ್ರೈಮಾನಿಸ್ ಎಂಬ ಎಂಜಿನಿಯರು ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಮಿಲಿಹೆನ್ರಿಯಲ್ಲಿ ಹೇಳಿದ ಇಂಡಕ್ಟೆನ್ಸಿನ ವರ್ಗಮೂಲವನ್ನು 32ರಿಂದ ಗುಣಿಸಿದರೆ ಬರುವುದೇ ಆ ಮೋಟಾರಿಗೆ ಸಲ್ಲುವ ಗರಿಷ್ಠ ವೋಲ್ಟೇಜು. ನಮ್ಮ ನಿದರ್ಶನದ ಮೋಟಾರಿಗೆ ಇದು ಸುಮಾರು 50 ವೋಲ್ಟು. ಫಲಕದ ವೋಲ್ಟೇಜಿನ ಇಪ್ಪತ್ತರಿಂದ ಇಪ್ಪತ್ತೈದು ಪಟ್ಟು ಕೊಡಬಹುದೆಂಬ ಹಳೆಯ ರೂಢಿಯ ಲೆಕ್ಕವೂ ಇಲ್ಲಿ ಇದರ ಸಮೀಪಕ್ಕೇ ಬರುತ್ತದೆ. ಇದನ್ನು ಮೀರಿದರೆ ವೇಗದ ಟಾರ್ಕ್ ಇನ್ನಷ್ಟು ಹೆಚ್ಚುವುದು ನಿಜವಾದರೂ, ಕಬ್ಬಿಣದ ತಿರುಳಿನೊಳಗಣ ನಷ್ಟವು ಅದಕ್ಕಿಂತ ಬಿರುಸಾಗಿ ಏರಿ, ಮೋಟಾರು ಸಹಿಸಲಾಗದಷ್ಟು ಕಾಯುತ್ತದೆ. ಮೈ ಮುಟ್ಟಲಾಗದಂತೆ 70, 80 ಡಿಗ್ರಿ ಸೆಲ್ಸಿಯಸ್ ಕಾಯುವುದು ಈ ಜಾತಿಯ ಮೋಟಾರಿಗೆ ರೋಗವಲ್ಲ. ಸುರುಳಿಯ ಸಾಮಾನ್ಯವಾದ ಬಿ ವರ್ಗದ ಹೊದಿಕೆ 130 ಡಿಗ್ರಿಯವರೆಗೂ ತಾಳಬಲ್ಲುದು. ಸೂತ್ರವು ಹೇಳುವುದು ಮೇಲಿನ ಮಿತಿಯನ್ನೆಂದೂ, ಅದನ್ನು ಮುಟ್ಟಲೇಬೇಕೆಂಬ ವಿಧಿಯಿಲ್ಲವೆಂದೂ ನೆನಪಿಡುವುದು ಒಳ್ಳೆಯದು.

ಎಂಟು ತಂತಿಯ ಮೋಟಾರುಗಳಲ್ಲಿ ಸುರುಳಿಯ ಅರ್ಧಗಳನ್ನು ಸಾಲಾಗಿಯೂ ಸೇರಿಸಬಹುದು, ಸಮಾಂತರವಾಗಿಯೂ ಸೇರಿಸಬಹುದು. ಸಾಲುಜೋಡಣೆಯಲ್ಲಿ ಪ್ರವಾಹ ಅರ್ಧಕ್ಕಿಳಿಯುವುದೆಂದು ಸಂತೋಷಪಟ್ಟು ಸಣ್ಣ ಡ್ರೈವನ್ನು ಕೊಳ್ಳುವವರು, ಇಂಡಕ್ಟೆನ್ಸು ನಾಲ್ಕುಪಟ್ಟಾಗುವುದನ್ನು ಗಮನಿಸುವುದಿಲ್ಲ. ಸಮಾಂತರದಲ್ಲಿ 2.5 ಮಿಲಿಹೆನ್ರಿ ಇದ್ದದ್ದು ಸಾಲಿನಲ್ಲಿ 10 ಆಗಿ, ಅದೇ ಸೂತ್ರದಂತೆ 100 ವೋಲ್ಟನ್ನು ಬೇಡುತ್ತದೆ. ಸಿಎನ್‌ಸಿ ಕಾರ್ಯಕ್ಕೆ ಸಮಾಂತರ ಜೋಡಣೆಯೇ ಪ್ರಶಸ್ತ. ಹಳೆಯ ಸಾಮಾನಿನಂಗಡಿಯಲ್ಲಿ ದೊರೆತ, ಫಲಕವಿಲ್ಲದ ಮೋಟಾರಿನ ತಂತಿಗಳಲ್ಲಿ ಯಾವುವು ಒಂದೇ ಸುರುಳಿಗೆ ಸೇರಿದವೆಂದು ತಿಳಿಯಲು ಮೀಟರೂ ಬೇಕಿಲ್ಲ: ಎರಡು ತಂತಿಗಳ ತುದಿಗಳನ್ನು ಬೆರಳಿನಿಂದ ಕೂಡಿಸಿ ಹಿಡಿದು ಶಾಫ್ಟನ್ನು ತಿರುಗಿಸಿದಾಗ, ಸರಾಗವಾಗಿದ್ದ ಶಾಫ್ಟು ಒಮ್ಮೆಲೇ ತಡೆತಡೆದು ತಿರುಗುವಂತಾದರೆ ಆ ಎರಡೂ ಒಂದೇ ಸುರುಳಿಯವು.

ಇನ್ನು ಡ್ರೈವುಗಳ ಪರಿಶೀಲನೆ. ಒಂದು ಕಾಲಕ್ಕೆ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳೆಲ್ಲರ ಕೈಯಲ್ಲಿದ್ದ ಎಲ್298 ಚಿಪ್ಪು ಸುಮಾರು 2 ಆಂಪಿಯರಿಗೆ ಸೀಮಿತವಾದದ್ದು. ತನ್ನೊಳಗೇ ವೋಲ್ಟೇಜನ್ನು ಬಹಳ ಕಳೆದುಕೊಂಡು ಕಾಯುವಂಥದು. ಎ4988 ಮತ್ತು ಡಿಆರ್‌ವಿ8825 ಎಂಬ ಬೆರಳುಗಾತ್ರದ ಹಲಗೆಗಳು 3ಡಿ ಮುದ್ರಣಯಂತ್ರಗಳಂಥ ಹಗುರ ಕೆಲಸಕ್ಕೆ ಯೋಗ್ಯವಾಗಿದ್ದು, ಲೋಹವನ್ನು ಕತ್ತರಿಸುವ ಯಂತ್ರಕ್ಕೆ ಅವನ್ನು ಕಟ್ಟುವುದು ಸಲ್ಲದು. ಟಿಬಿ6560 ಚಿಪ್ಪಿನ ಅಗ್ಗದ ಮೂರು ಅಕ್ಷದ ಹಲಗೆಗಳು ಅನೇಕ ಹೊಸಬರ ಉತ್ಸಾಹವನ್ನು ಬಲಿತೆಗೆದುಕೊಂಡಿವೆ: ಆ ಚಿಪ್ಪಿನ ಪರಮಾವಧಿ 40 ವೋಲ್ಟಾದುದರಿಂದ ಸುರಕ್ಷಿತವಾಗಿ 24 ಅಥವಾ 30 ವೋಲ್ಟಿಗಿಂತ ಹೆಚ್ಚು ಕೊಡುವಂತಿಲ್ಲ, ಕೊಟ್ಟದ್ದು ಸಾಲದೆ ಹೆಚ್ಚು ಕೊಟ್ಟವರು ಹೊಗೆಯನ್ನು ಕಂಡಿದ್ದಾರೆ. ಅಕ್ಷಕ್ಕೊಂದರಂತೆ ಬಿಡಿಯಾಗಿ ಬರುವ, ಲೆಡ್‌ಶೈನ್ ಸಂಸ್ಥೆಯ ಡಿಎಂ542 ಮಾದರಿಯ ಡಿಜಿಟಲ್ ಡ್ರೈವುಗಳು 50 ವೋಲ್ಟಿನವರೆಗೆ 4.2 ಆಂಪಿಯರನ್ನು ಕೊಡಬಲ್ಲವು. ನೆಮಾ 23 ಮೋಟಾರುಗಳಿಗೆ ಇವುಗಳಿಗಿಂತ ಮಿತವ್ಯಯದ, ನಂಬಬಹುದಾದ ಆಯ್ಕೆ ಇಂದು ಮತ್ತೊಂದಿಲ್ಲವೆಂದು ನನಗೆ ತೋರುತ್ತದೆ. ನಾಲ್ಕು ಅಕ್ಷಗಳನ್ನು ಒಂದೇ ಪೆಟ್ಟಿಗೆಯಲ್ಲಡಗಿಸಿದ ಗೆಕೋಡ್ರೈವಿನ ಜಿ540, 50 ವೋಲ್ಟು ಮತ್ತು 3.5 ಆಂಪಿಯರಿನ ಮಿತಿಯೊಳಗೆ ಸೊಗಸಾದ ರಚನೆ; ಆದರೆ ಆಮದಿನ ಬೆಲೆಯನ್ನು ತೆರಬೇಕು. ಎಚ್‌ಎಂಟಿಯ ಭಾರವಾದ ಮಿಲ್ಲಿಂಗ್ ಯಂತ್ರದಂಥದನ್ನು ಪರಿವರ್ತಿಸುವವರು ನೆಮಾ 34 ಮೋಟಾರನ್ನೂ, ಅದಕ್ಕೆ ತಕ್ಕ 80 ವೋಲ್ಟಿನ ವರ್ಗದ ಡ್ರೈವನ್ನೂ ಬಿಟ್ಟು ಕೆಳಗಿನದಕ್ಕೆ ಸಮಾಧಾನಪಟ್ಟುಕೊಳ್ಳಬಾರದು.

ಒಳ್ಳೆಯ ಡ್ರೈವಿಗೂ ಅಗ್ಗದ ಡ್ರೈವಿಗೂ ಇರುವ ನಿಜವಾದ ಅಂತರ ಆಂಪಿಯರಿನ ಅಂಕಿಯಲ್ಲಿ ಕಾಣುವುದಿಲ್ಲ. ಅದು ಅನುರಣನದ ನಿವಾರಣೆಯಲ್ಲಿದೆ. ಸೆಕೆಂಡಿಗೆ ಸುಮಾರು ಐದರಿಂದ ಹದಿನೈದು ಸುತ್ತುಗಳ ನಡುವಣ ಯಾವುದೋ ಒಂದು ವೇಗದಲ್ಲಿ ಮೋಟಾರು ಮತ್ತು ಡ್ರೈವುಗಳೆರಡೂ ಕೂಡಿ ತಾವಾಗಿಯೇ ತೂಗಾಡತೊಡಗಿ, ಮೋಟಾರು ಒಂದು ಬಗೆಯ ಗುರುಗುಟ್ಟುವಿಕೆಯೊಡನೆ ಹಠಾತ್ತಾಗಿ ನಿಂತುಬಿಡುವುದುಂಟು. ನಮ್ಮ ಲೆಕ್ಕದ 600 ಸುತ್ತಿನ ವೇಗ ಈ ಅಪಾಯವಲಯದ ನಡುವೆಯೇ ಬೀಳುತ್ತದೆಂಬುದನ್ನು ಗಮನಿಸಬೇಕು. ಗೆಕೋಡ್ರೈವಿನಲ್ಲಿಯೂ ಉತ್ತಮ ಡಿಜಿಟಲ್ ಡ್ರೈವುಗಳಲ್ಲಿಯೂ ಇದನ್ನು ತಣಿಸುವ ಮಂಡಲವಿರುತ್ತದೆ, ಅಗ್ಗದವುಗಳಲ್ಲಿ ಇರುವುದಿಲ್ಲ. ಮೈಕ್ರೋಸ್ಟೆಪ್ಪುಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯೂ ಅಪಕ್ವವಾದುದೇ. ಹೆಜ್ಜೆಯನ್ನು ಹತ್ತಾಗಿ ಒಡೆದಾಗ ಒಂದು ಸಣ್ಣ ಹೆಜ್ಜೆಯಿಂದ ಇನ್ನೊಂದಕ್ಕೆ ಸರಿಯುವ ಬಲ ಪೂರ್ಣ ಟಾರ್ಕಿನ ನೂರಕ್ಕೆ ಹದಿನಾರು ಪಾಲಿನಷ್ಟಿದ್ದರೆ, ಅರವತ್ತನಾಲ್ಕಾಗಿ ಒಡೆದಾಗ ಅದು ಎರಡೂವರೆ ಪಾಲಿಗಿಳಿಯುತ್ತದೆ. ಸ್ಲೈಡಿನ ಘರ್ಷಣೆಯೇ ಅದಕ್ಕಿಂತ ಹೆಚ್ಚಾಗಿರುವಲ್ಲಿ ಈ ಸೂಕ್ಷ್ಮತೆ ಕಾಗದದ ಮೇಲಿನದು ಮಾತ್ರ. ಹತ್ತರ ವಿಭಾಗದಲ್ಲಿ ನಮ್ಮ ಬಾಲ್‌ಸ್ಕ್ರೂವಿಗೆ ಒಂದು ಪಲ್ಸಿಗೆ 2.5 ಮೈಕ್ರಾನ್ ಚಲನೆಯಾಗಿ, ಪೂರ್ಣ ವೇಗಕ್ಕೆ ಸೆಕೆಂಡಿಗೆ 20 ಸಾವಿರ ಪಲ್ಸುಗಳು ಸಾಕಾಗುತ್ತವೆ. ಅರವತ್ತನಾಲ್ಕರ ವಿಭಾಗದಲ್ಲಿ 1 ಲಕ್ಷ 28 ಸಾವಿರ ಬೇಕು. ಆರ್ಡುಯಿನೋ ಹಲಗೆಯ ಮೇಲೆ ನಡೆಯುವ ಜಿಆರ್‌ಬಿಎಲ್ ತಂತ್ರಾಂಶ ಕೊಡಬಲ್ಲುದು ಸುಮಾರು 30 ಸಾವಿರ ಪಲ್ಸುಗಳನ್ನು ಮಾತ್ರ. ಹೀಗೆ ಡ್ರೈವಿನ ಸಣ್ಣ ಸ್ವಿಚ್ಚೊಂದನ್ನು ವಿವೇಚನೆಯಿಲ್ಲದೆ ಒತ್ತಿದ ಮಾತ್ರಕ್ಕೆ ಯಂತ್ರದ ವೇಗ ನಾಲ್ಕರಲ್ಲೊಂದು ಪಾಲಿಗೆ ಕುಗ್ಗಿಹೋಗಬಹುದು.

ಪವರ್ ಸಪ್ಲೈಯ ವಿಚಾರವೇ ಈ ಪ್ರಶ್ನೆಯಲ್ಲೆಲ್ಲ ಹೆಚ್ಚು ವಾದಕ್ಕೆಡೆಯಾಗಿರುವುದು. ನಮ್ಮ ದೇಶದ ಸ್ಥಿತಿಗತಿಗಳು ಪಾಶ್ಚಾತ್ಯ ಮಾರ್ಗದರ್ಶಿಗಳಿಂದ ಬೇರೆಯಾಗುವುದೂ ಇಲ್ಲಿಯೇ. ಒಂದು ಪಕ್ಷದವರು ಟೊರಾಯ್ಡಲ್ ಟ್ರಾನ್ಸ್‌ಫಾರ್ಮರು, ಬ್ರಿಡ್ಜ್ ರೆಕ್ಟಿಫಯರು ಮತ್ತು ದೊಡ್ಡ ಕೆಪಾಸಿಟರುಗಳಿಂದ ಕಟ್ಟಿದ ಸಾದಾ ಸಪ್ಲೈಯನ್ನು ಹೊಗಳುವರು. ಇನ್ನೊಂದು ಪಕ್ಷದವರು ಸಿದ್ಧವಾಗಿ ದೊರೆಯುವ ಎಸ್‌ಎಂಪಿಎಸ್ ಅನ್ನು ಹಿಡಿಯುವರು. ಪ್ರವಾಹದ ಲೆಕ್ಕ ಎರಡಕ್ಕೂ ಒಂದೇ: ಸಮಾಂತರ ಜೋಡಣೆಯ ಮೋಟಾರಿಗೆ ಫಲಕದ ಆಂಪಿಯರಿನ ಮೂರರಲ್ಲಿ ಎರಡು ಪಾಲು. ಮೂರು ಅಕ್ಷಗಳ ನಮ್ಮ ನಿದರ್ಶನಕ್ಕೆ 5.6 ಆಂಪಿಯರು. ಕೆಪಾಸಿಟರಿನ ಗಾತ್ರಕ್ಕೆ ಅಮೆರಿಕದವರು ಆಂಪಿಯರನ್ನು 80 ಸಾವಿರದಿಂದ ಗುಣಿಸಿ ವೋಲ್ಟೇಜಿನಿಂದ ಭಾಗಿಸುವ ಸೂತ್ರವೊಂದನ್ನು ಬಳಸುತ್ತಾರೆ. ಆದರೆ ಅದು ಅವರ 60 ಹರ್ಟ್ಸಿನ ವಿದ್ಯುತ್ತಿಗಾಗಿ ಹುಟ್ಟಿದ್ದು. ನಮ್ಮ 50 ಹರ್ಟ್ಸಿನಲ್ಲಿ ಏರಿಳಿತವನ್ನು ಅದೇ ಹತ್ತನೆಯ ಒಂದು ಪಾಲಿನೊಳಗೆ ಹಿಡಿದಿಡಬೇಕಾದರೆ 1 ಲಕ್ಷದಿಂದ ಗುಣಿಸಬೇಕಾಗುತ್ತದೆ. 40 ವೋಲ್ಟಿನ ಸಪ್ಲೈಗೆ ಅವರ ಲೆಕ್ಕದಲ್ಲಿ 11 ಸಾವಿರ ಮೈಕ್ರೋಫ್ಯಾರಡ್ ಆದರೆ ನಮ್ಮ ಲೆಕ್ಕದಲ್ಲಿ 14 ಸಾವಿರ.

ವೋಲ್ಟೇಜಿನ ಲೆಕ್ಕದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. 30 ವೋಲ್ಟಿನ ಟ್ರಾನ್ಸ್‌ಫಾರ್ಮರಿನಿಂದ ರೆಕ್ಟಿಫಯರಿನಾಚೆಗೆ ಬರುವುದು 41 ವೋಲ್ಟೆಂದು ಪುಸ್ತಕದ ಗಣಿತ ಹೇಳುತ್ತದೆ; 50 ವೋಲ್ಟಿನ ಡ್ರೈವಿಗೆ ಇದು ಧಾರಾಳವಾಗಿ ಸುರಕ್ಷಿತವೆಂದೂ ತೋರುತ್ತದೆ. ಆದರೆ ಭಾರವಿಲ್ಲದಾಗ ಟ್ರಾನ್ಸ್‌ಫಾರ್ಮರಿನ ವೋಲ್ಟೇಜು ನೂರಕ್ಕೆ ಎಂಟರಷ್ಟು ಮೇಲಿರುವುದೂ, ರಾತ್ರಿಯ ವೇಳೆ ಊರಿನ ಬಳಕೆಯೆಲ್ಲ ಇಳಿದಾಗ 230 ಇರಬೇಕಾದ ಮೇನ್ಸು 250ಕ್ಕೆ ಏರುವುದೂ ಒಟ್ಟಿಗೆ ಸೇರಿದರೆ, ಅದೇ ಸಪ್ಲೈ 48 ವೋಲ್ಟನ್ನು ದಾಟುತ್ತದೆ. ಆದಕಾರಣ ಇಂಥ ಡ್ರೈವಿಗೆ 28 ವೋಲ್ಟಿನ ಸುತ್ತುಳ್ಳ ಟ್ರಾನ್ಸ್‌ಫಾರ್ಮರೇ ಲೇಸು. ಹೇಳಿದ ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರನ್ನು ಸುತ್ತಿಕೊಡುವವರು ನಮ್ಮಲ್ಲಿ ದುರ್ಲಭರಲ್ಲ. ಆ ಎರಡು ವೋಲ್ಟಿನ ಅಂತರವನ್ನು ಬರೆದುಕೊಟ್ಟು ಸುತ್ತಿಸಿಕೊಳ್ಳುವುದು ಸಾಧ್ಯವೇ ಇದೆ.

ಮೇನ್ಸು ಏರುವುದರ ಕೇಡು ಕಣ್ಣಿಗೆ ಕಾಣುವಂಥದು, ಏಕೆಂದರೆ ಡ್ರೈವು ಸತ್ತೇಹೋಗುತ್ತದೆ. ಮೇನ್ಸು ಇಳಿಯುವುದರ ಕೇಡು ಗುಪ್ತವಾದದ್ದು. ಈ ವಿಷಯದ ಗ್ರಂಥಗಳಲ್ಲಿ ಅದಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂಬುದು ನನ್ನ ಕೊರಗು. ಸಾದಾ ಸಪ್ಲೈಯು ಮೇನ್ಸನ್ನು ನೆರಳಿನಂತೆ ಹಿಂಬಾಲಿಸುತ್ತದೆ. ನೆರೆಯ ಶೆಡ್ಡುಗಳ ಯಂತ್ರಗಳೆಲ್ಲ ಓಡುವ ಮಧ್ಯಾಹ್ನದ ಹೊತ್ತಿಗೆ ಮೇನ್ಸು 190ಕ್ಕೆ ಕುಸಿದರೆ 41 ವೋಲ್ಟು 34 ಆಗುತ್ತದೆ; ವೇಗದಲ್ಲಿ ಓಡುವಾಗ ಮೋಟಾರಿನ ಟಾರ್ಕು ಬಹುಮಟ್ಟಿಗೆ ಅದೇ ಪ್ರಮಾಣದಲ್ಲಿ, ಎಂದರೆ ಆರರಲ್ಲೊಂದು ಪಾಲಿನಷ್ಟು, ತಗ್ಗುತ್ತದೆ. ಬೆಳಗಿನ ಹೊತ್ತು ಪರೀಕ್ಷಿಸಿ ನಿಗದಿಮಾಡಿದ ವೇಗ ಮಧ್ಯಾಹ್ನಕ್ಕೆ ನಿಲುಕದ್ದಾಗಿ, ಮೋಟಾರು ಒಂದೆರಡು ಹೆಜ್ಜೆಗಳನ್ನು ಬಿಟ್ಟುಬಿಡುತ್ತದೆ. ಅದನ್ನು ನಿಯಂತ್ರಕಕ್ಕೆ ತಿಳಿಸುವ ಯಾವ ಉಪಾಯವೂ ಈ ಮೋಟಾರಿನಲ್ಲಿಲ್ಲವಾದ್ದರಿಂದ ಯಂತ್ರವು ತಪ್ಪಾದ ಸ್ಥಾನದಿಂದ ಮುಂದಿನ ಕೆಲಸವನ್ನೆಲ್ಲ ನಿರಾತಂಕವಾಗಿ ನಡೆಸಿಕೊಂಡು ಹೋಗುತ್ತದೆ. ಸಾಮಾನು ಹಾಳಾದುದು ತಿಳಿಯುವುದು ಅಳತೆ ಹಿಡಿದಾಗ. ಎಸ್‌ಎಂಪಿಎಸ್ ಮೇನ್ಸಿನ ಈ ಏರಿಳಿತವನ್ನು ತನ್ನೊಳಗೇ ನುಂಗಿಕೊಂಡು ಸ್ಥಿರವಾದ ವೋಲ್ಟೇಜನ್ನು ಕೊಡುವುದರಿಂದ, ಮೇನ್ಸು ಹೊಯ್ದಾಡುವ ಊರಿನಲ್ಲಿ ಅದರ ಪರವಾಗಿ ಹೇಳಬಹುದಾದ ಅತಿ ಪ್ರಬಲವಾದ ಮಾತು ಇದೇ.

ಅದರ ವಿರುದ್ಧ ಹೇಳುವ ಮಾತೆಂದರೆ, ಚಲಿಸುವ ಅಕ್ಷವನ್ನು ಒಮ್ಮೆಲೇ ತಡೆದಾಗ ಮೋಟಾರು ಜನರೇಟರಿನಂತಾಗಿ ಶಕ್ತಿಯನ್ನು ಸಪ್ಲೈಗೆ ಹಿಂದಿರುಗಿಸುವುದರಿಂದ ಎಸ್‌ಎಂಪಿಎಸ್ ಹೆದರಿ ಆರಿಹೋಗುವುದೆಂಬುದು. ಇದರ ಸತ್ಯಾಂಶವನ್ನು ಲೆಕ್ಕ ಹಾಕಿಯೇ ನೋಡಬೇಕು. ನಮ್ಮ ಸಣ್ಣ ಮಿಲ್ಲಿಂಗ್ ಯಂತ್ರದ 40 ಕಿಲೋಗ್ರಾಮಿನ ಮೇಜು ನಿಮಿಷಕ್ಕೆ ಮೂರು ಮೀಟರು ವೇಗದಲ್ಲಿ ಹೊತ್ತಿರುವ ಶಕ್ತಿ ಒಂದು ಜೂಲಿನ ಇಪ್ಪತ್ತನೆಯ ಒಂದು ಪಾಲು. ಮೋಟಾರಿನ ರೋಟರ್ ಹೊತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ. 14 ಸಾವಿರ ಮೈಕ್ರೋಫ್ಯಾರಡಿನ ಕೆಪಾಸಿಟರಿನಲ್ಲಿ ಇವೆರಡೂ ಸೇರಿ ವೋಲ್ಟಿನ ಐದರಲ್ಲೊಂದು ಪಾಲನ್ನೂ ಏರಿಸಲಾರವು. ಆದುದರಿಂದ ಇಲ್ಲಿ ಆ ಭಯಕ್ಕೆ ಆಧಾರವಿಲ್ಲ. ಆದರೆ ಮರವನ್ನು ಕೊರೆಯುವ ದೊಡ್ಡ ರೌಟರಿನಲ್ಲಿ, ನೂರು ಕಿಲೋಗ್ರಾಮಿನ ಗ್ಯಾಂಟ್ರಿಯು ಸೆಕೆಂಡಿಗೆ ಅರ್ಧ ಮೀಟರಿನಂತೆ ಓಡುತ್ತಿದ್ದರೆ ಅದರ ಶಕ್ತಿ ಹನ್ನೆರಡೂವರೆ ಜೂಲಾಗಿ, ಘರ್ಷಣೆಯಲ್ಲಿ ಏನೂ ಕಳೆಯದಿದ್ದ ಪಕ್ಷದಲ್ಲಿ ಅದೇ ಕೆಪಾಸಿಟರನ್ನು 41ರಿಂದ 58 ವೋಲ್ಟಿನಾಚೆಗೆ ಒಯ್ಯುವಷ್ಟು ಬಲವುಳ್ಳದ್ದಾಗುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮರಿನ ಪಕ್ಷದವರ ವಾದ ಸರಿಯಾದುದೇ. ದೊಡ್ಡ ಕೆಪಾಸಿಟರೂ ಹೆಚ್ಚುವರಿ ಶಕ್ತಿಯನ್ನು ರೆಸಿಸ್ಟರಿನಲ್ಲಿ ಕಳೆಯುವ ಮಂಡಲವೂ ಆವಶ್ಯಕವಾಗುತ್ತವೆ. ಎರಡು ಪಕ್ಷದವರೂ ತಮ್ಮ ತಮ್ಮ ಯಂತ್ರದ ಅನುಭವವನ್ನು ಸಕಲ ಯಂತ್ರಗಳಿಗೂ ಅನ್ವಯಿಸಿದ್ದೇ ಈ ವಿವಾದದ ಮೂಲವೆಂದು ಹೇಳಬೇಕಾಗಿದೆ.

ಆದುದರಿಂದ ಮೇಜಿನ ಮೇಲಿನ ಮಿಲ್ಲಿಂಗ್ ಯಂತ್ರವನ್ನು ಪರಿವರ್ತಿಸುವವರಿಗೆ ನನ್ನ ಸಲಹೆ ಸ್ಪಷ್ಟವಾಗಿದೆ: 2.5 ಮಿಲಿಹೆನ್ರಿಯ ಆಸುಪಾಸಿನ ಮೋಟಾರು, 50 ವೋಲ್ಟಿನ ಡಿಜಿಟಲ್ ಡ್ರೈವು, ಮತ್ತು 48 ವೋಲ್ಟಿನದೆಂದು ಮಾರಾಟವಾಗುವ, ಆದರೆ ಒಳಗಿನ ಸಣ್ಣ ತಿರುಪಿನಿಂದ ಸುಮಾರು 44 ವೋಲ್ಟಿಗೆ ಇಳಿಸಿಕೊಂಡ ಎಸ್‌ಎಂಪಿಎಸ್. 5.6 ಆಂಪಿಯರು ಲೆಕ್ಕಕ್ಕೆ ಬಂದರೂ 7 ಅಥವಾ 8 ಆಂಪಿಯರಿನದನ್ನು ಕೊಳ್ಳಬೇಕು. ಮೂರು ಅಕ್ಷಗಳೂ ಒಮ್ಮೆಗೇ ವೇಗ ಹಿಡಿಯುವಾಗ ಸಾಲದ ಎಸ್‌ಎಂಪಿಎಸ್ ತನ್ನನ್ನು ತಾನು ಆರಿಸಿಕೊಳ್ಳುತ್ತದೆ. ಎನ್‌ಕೋಡರನ್ನು ಹೊತ್ತ ಕ್ಲೋಸ್ಡ್ ಲೂಪ್ ಸ್ಟೆಪ್ಪರುಗಳು ಹೆಜ್ಜೆ ತಪ್ಪಿದುದನ್ನು ತಾವೇ ಅರಿತು ಸೂಚನೆ ಕೊಡಬಲ್ಲವಾದ್ದರಿಂದ, ಕೆಟ್ಟರೆ ಬಹಳ ನಷ್ಟವಾಗುವಂಥ ಬೆಲೆಬಾಳುವ ಸಾಮಾನನ್ನು ಕತ್ತರಿಸುವವರು ಹೆಚ್ಚಿನ ಹಣವನ್ನು ಅವಕ್ಕೆ ಕೊಡುವುದು ಯುಕ್ತ.

ಜೋಡಣೆಯ ನಿಯಮಗಳು ಕೆಲವೇ, ಆದರೆ ಅನುಲ್ಲಂಘ್ಯವಾದವು. ವಿದ್ಯುತ್ತಿರುವಾಗ ಮೋಟಾರಿನ ತಂತಿಯನ್ನು ಡ್ರೈವಿನಿಂದ ಬಿಡಿಸಬಾರದು. ಸುರುಳಿಯಲ್ಲಿನ ಪ್ರವಾಹ ಒಮ್ಮೆಲೇ ಕಡಿದಾಗ ಏಳುವ ವೋಲ್ಟೇಜು ಡ್ರೈವನ್ನು ಕೊಲ್ಲುತ್ತದೆ. ಪ್ರತಿ ಡ್ರೈವಿಗೂ ಪ್ರತ್ಯೇಕವಾದ ಫ್ಯೂಸೂ, ಸಪ್ಲೈಯಿಂದ ಪ್ರತ್ಯೇಕವಾದ ತಂತಿಜೋಡಿಯೂ ಇರತಕ್ಕದ್ದು. ಯಂತ್ರದ ಮೈ, ಪೆಟ್ಟಿಗೆ, ಮೋಟಾರಿನ ಕೇಬಲ್ಲಿನ ಹೊದಿಕೆ ಇವೆಲ್ಲ ಒಂದೇ ಬಿಂದುವಿನಲ್ಲಿ ಭೂಸಂಪರ್ಕವನ್ನು ಪಡೆಯತಕ್ಕದ್ದು. ಸಾದಾ ಸಪ್ಲೈಯನ್ನು ಕಟ್ಟಿದವರು ಕೆಪಾಸಿಟರಿಗೆ ಅಡ್ಡಲಾಗಿ ಒಂದು ರೆಸಿಸ್ಟರನ್ನು ಸೇರಿಸಿಡಬೇಕು. ಇಲ್ಲವಾದರೆ ಸ್ವಿಚ್ಚನ್ನು ಆರಿಸಿದ ಎಷ್ಟೋ ಹೊತ್ತಿನ ಮೇಲೂ ಅದರೊಳಗೆ ಹನ್ನೆರಡು ಜೂಲು ಶಕ್ತಿ ಕಾದುಕುಳಿತಿರುತ್ತದೆ.

ಎಲ್ಲವೂ ಕೂಡಿದ ಮೇಲೆ ವೇಗವನ್ನು ನಿಶ್ಚಯಿಸುವ ಕಾರ್ಯ ಉಳಿಯುತ್ತದೆ. ಸಾದಾ ಸಪ್ಲೈಯಾದರೆ ಮೇನ್ಸು ಅತಿ ಕಡಿಮೆಯಿರುವ ಹೊತ್ತನ್ನು ಆರಿಸಿಕೊಂಡು, ಮೇಜಿನ ಮೇಲೆ ವೈಸು ಮತ್ತು ಕೆಲಸದ ಸಾಮಾನಿನ ಭಾರವನ್ನಿಟ್ಟು, ಅಕ್ಷದ ಕೊನೆಯಲ್ಲೊಂದು ಡಯಲ್ ಗೇಜನ್ನು ನಿಲ್ಲಿಸಿ ಅದರ ಮುಳ್ಳನ್ನು ಸೊನ್ನೆಗೆ ತರಬೇಕು. ಮೇಜನ್ನು ನೂರು ಸಲ ಹೋಗಿಬರುವಂತೆ ಓಡಿಸಿ, ಮುಳ್ಳು ಸೊನ್ನೆಗೇ ಹಿಂದಿರುಗಿದರೆ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಅದು ಮೊದಲ ಬಾರಿ ಸೊನ್ನೆಯನ್ನು ತಪ್ಪುವ ವೇಗವನ್ನು ಕಂಡುಹಿಡಿದು, ಅದರ ಮೂರರಲ್ಲಿ ಎರಡು ಪಾಲನ್ನು ನಿಯಂತ್ರಕದಲ್ಲಿ ಗರಿಷ್ಠ ವೇಗವೆಂದು ಬರೆಯಬೇಕು. ವೇಗೋತ್ಕರ್ಷದ ಅಂಕಿಗೂ ಇದೇ ಕ್ರಮವನ್ನು ಬೇರೆಯಾಗಿ ಅನುಸರಿಸಬೇಕು. ಮಿಲ್ಲಿಂಗ್ ತಲೆಯ ಭಾರವನ್ನೆಲ್ಲ ಎತ್ತುವ ಝಡ್ ಅಕ್ಷವನ್ನು ಮಾತ್ರ ಮೇಲಕ್ಕೆ ಏರುವ ದಿಕ್ಕಿನಲ್ಲಿ ಪರೀಕ್ಷಿಸತಕ್ಕದ್ದು.